ಅಶುದ್ಧ ವಾಕ್ಯಗಳ ಪೂರ್ವಚರಿತ್ರೆ

ಬ್ಯಾಂಕಿನ ಗುಮಾಸ್ತೆಯ ಹುದ್ದೆಗಾಗಲಿ, ಕೇಂದ್ರ ಸರ್ಕಾರದ ಕಚೇರಿಯ ಕೆಲಸಕ್ಕಾಗಲಿ ಪರೀಕ್ಷೆಗೆ ಕುಳಿತ ನಮ್ಮ ತರುಣ ತರುಣಿಯರಿಗೆ, ಒಂದು ಇಂಗ್ಲಿಷ್ ವಾಕ್ಯವನ್ನು ತುಂಡು ತುಂಡಾಗಿ ಒಡೆದು, ದೋಷವಿರುವ ತುಂಡು ಯಾವುದು, ಇಲ್ಲವೆ ವಾಕ್ಯವೇ ನಿರ್ದುಷ್ಟವೋ ಎಂದು ಕೇಳುವ ಪ್ರಶ್ನೆ ಸುಪರಿಚಿತವಾದುದು. ಇದರ ವಂಶಮೂಲವನ್ನು ಅರಸುತ್ತ ಹೋದರೆ, ಹದಿನೆಂಟನೆಯ ಶತಮಾನದ ನಡುವೆ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ನಡೆಸುತ್ತಿದ್ದ ಆ್ಯನ್ ಫಿಶರ್ ಎಂಬ ವಿದುಷಿಯ ಬಳಿಗೆ ಬಂದು ನಿಲ್ಲುತ್ತೇವೆ. 1750ರಲ್ಲಿ ಎರಡನೆಯ ಮುದ್ರಣ ಕಂಡ ಆಕೆಯ ವ್ಯಾಕರಣದಲ್ಲಿ, ಬುದ್ಧಿಪೂರ್ವಕವಾಗಿ ಕೆಡಿಸಿದ ವಾಕ್ಯಗಳನ್ನು ಮಕ್ಕಳ ಮುಂದಿಟ್ಟು ಅವರಿಂದಲೇ ತಿದ್ದಿಸುವ ಅಭ್ಯಾಸಗಳಿದ್ದುವು. ಲ್ಯಾಟಿನ್ ಪಾಠಶಾಲೆಗಳಲ್ಲಿ ರೂಢಿಯಾಗಿದ್ದ ಕ್ರಮವನ್ನು ದೇಶಭಾಷೆಯ ಶಿಕ್ಷಣಕ್ಕೆ ತಂದ ಹಿರಿಮೆ ಆಕೆಯದು.

1762ರಲ್ಲಿ ರಾಬರ್ಟ್ ಲೋತ್ ತನ್ನ ಕಿರುವ್ಯಾಕರಣವನ್ನು ಪ್ರಕಟಿಸಿದನು. ಮುಂದೆ ಲಂಡನ್ನಿನ ಬಿಷಪ್ ಪದವಿಗೇರಿದ ಈ ಪಂಡಿತನು, ಶುದ್ಧವನ್ನು ತೋರಿಸುವುದರ ಜೊತೆಗೆ ಅಶುದ್ಧವನ್ನೂ ತೋರಿಸಿದಲ್ಲದೆ ಬೋಧೆ ಪೂರ್ಣವಾಗದೆಂದು ನಂಬಿ, ಷೇಕ್ಸ್‌ಪಿಯರ್, ಮಿಲ್ಟನ್, ಪೋಪ್, ಸ್ವಿಫ್ಟ್ ಮೊದಲಾದ ಮಹಾಲೇಖಕರ ಪಂಕ್ತಿಗಳನ್ನೇ ಎತ್ತಿ ಅಡಿಟಿಪ್ಪಣಿಗಳಲ್ಲಿ ಅವುಗಳ ದೋಷಗಳನ್ನು ವಿಚಾರಿಸಿದನು. ಕನ್ನಡಿಗರಾದ ನಮಗೆ ಇಲ್ಲಿ ಒಂಬತ್ತನೆಯ ಶತಮಾನದ ಕವಿರಾಜಮಾರ್ಗದ ನೆನಪು ಬಾರದಿರದು. ಅದರ ಮೊದಲನೆಯ ಪರಿಚ್ಛೇದವೇ ದೋಷಾದೋಷಗಳ ವಿವೇಚನೆಗೆ ಮೀಸಲಾಗಿದ್ದು, ಸದೋಷವಾದ ಪ್ರಯೋಗದೊಡನೆ ಅದನ್ನು ತಿದ್ದಿದ ರೂಪವನ್ನೂ ಓದುಗನ ಮುಂದಿಡುತ್ತದೆ. ತಪ್ಪನ್ನು ಹೆಸರಿಸಿದವನು ಒಪ್ಪನ್ನೂ ರಚಿಸಿ ತೋರಿಸಬೇಕೆಂಬ ಧರ್ಮ ಎರಡು ಕಡೆಯೂ ಒಂದೇ.

ಈ ಧರ್ಮವನ್ನು ಸಾವಿರಾರು ಶಾಲೆಗಳಿಗೆ ಮುಟ್ಟಿಸಿದವನು ಲಿಂಡ್ಲಿ ಮರ್ರೆ. ಅಮೆರಿಕದಲ್ಲಿ ವಕೀಲನಾಗಿದ್ದು, ಆರೋಗ್ಯ ಕೆಟ್ಟು ಇಂಗ್ಲೆಂಡಿನ ಯಾರ್ಕ್ ನಗರದ ಅಂಚಿನಲ್ಲಿ ನೆಲಸಿದ ಈ ಕ್ವೇಕರ್ ಪಂಥದ ಸಾಧುಪುರುಷನು, ಅಲ್ಲಿನ ಬಾಲಿಕಾಶಾಲೆಯ ಉಪಾಧ್ಯಾಯಿನಿಯರಿಗಾಗಿ 1795ರಲ್ಲಿ ವ್ಯಾಕರಣವನ್ನೂ, 1797ರಲ್ಲಿ ಅಶುದ್ಧ ವಾಕ್ಯಗಳ ಬೇರೊಂದು ಅಭ್ಯಾಸಗ್ರಂಥವನ್ನೂ ರಚಿಸಿ, ಗುರುವಿಲ್ಲದೆ ಓದುವವರಿಗೂ ಅನುಕೂಲವಾಗಲೆಂದು ಉತ್ತರಗಳ ಕೈಪಿಡಿಯನ್ನು ಪ್ರತ್ಯೇಕವಾಗಿ ಅಚ್ಚುಹಾಕಿಸಿದನು. ಕೆಟ್ಟ ವಾಕ್ಯವನ್ನು ಕಣ್ಣ ಮುಂದಿಟ್ಟರೆ ಅದೇ ಮನಸ್ಸಿನಲ್ಲಿ ನಿಂತುಬಿಡುವುದೆಂಬ ಆಕ್ಷೇಪಣೆ ಹುಟ್ಟದೆ ಇರಲಿಲ್ಲ. ಆದರೆ ಮರ್ರೆಯ ವಿದ್ಯಾರ್ಥಿಯ ಕರ್ತವ್ಯವು ಬೆರಳಿಟ್ಟು ತೋರಿಸಿದಲ್ಲಿಗೆ ಮುಗಿಯುತ್ತಿರಲಿಲ್ಲ. ವಾಕ್ಯವನ್ನು ಶುದ್ಧಗೊಳಿಸಿ, ಅದಕ್ಕೆ ಆಧಾರವಾದ ಸೂತ್ರವನ್ನೂ ಅವನು ಬಲ್ಲವನಾಗಬೇಕಾಗಿತ್ತು.

ಭಾರತದಲ್ಲಿ ಈ ಪಾಠಕ್ಕೆ ಜೀವನೋಪಾಯದ ಭಾರ ಕೂಡಿಬಂದಿತು. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜನು ಸರ್ಕಾರಿ ಉದ್ಯೋಗದಲ್ಲಿ ಇಂಗ್ಲಿಷ್ ಬಲ್ಲವರಿಗೆ ಪ್ರಾಶಸ್ತ್ಯವಿತ್ತನು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದ್ರಾಸು ವಿಶ್ವವಿದ್ಯಾನಿಲಯಗಳು ಹುಟ್ಟಿದುವು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಗುವವರೆಗೆ ನಮ್ಮ ಸಂಸ್ಥಾನದ ಕಾಲೇಜು ವಿದ್ಯಾರ್ಥಿಗಳು ಪರೀಕ್ಷೆಗೆ ಮದ್ರಾಸನ್ನೇ ಆಶ್ರಯಿಸಬೇಕಾಗಿತ್ತು. ಭಾರತದ ಶಿಕ್ಷಣ ಇಲಾಖೆಯಲ್ಲಿ ದುಡಿದಿದ್ದ ನೆಸ್‌ಫೀಲ್ಡನ ವ್ಯಾಕರಣಗಳೂ, ಅನಂತರ 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ ಜೋಡಿಯ ಗ್ರಂಥವೂ ಹಳ್ಳಿಯ ಹೈಸ್ಕೂಲನ್ನು ಸಹ ತಲಪಿದುವು. ಇಲ್ಲಿನ ಮಕ್ಕಳು ಮಾಡುತ್ತಿದ್ದ ತಪ್ಪುಗಳಾದರೂ ಅಜ್ಞಾನದಿಂದ ಮಾತ್ರ ಹುಟ್ಟಿದುವಲ್ಲ. ಒಂದು ವಿಷಯದ ಬಗ್ಗೆ ಚರ್ಚಿಸುವುದು ಕನ್ನಡದ ಸಹಜ ಮಾರ್ಗವಾದುದರಿಂದ ‘ಡಿಸ್ಕಸ್ ಅಬೌಟ್’ ಎಂದು ಬರೆದ ಹುಡುಗನು ತನ್ನ ಮಾತೃಭಾಷೆಯ ನಿಯಮಕ್ಕೆ ನಿಷ್ಠನಾಗಿಯೇ ಇದ್ದನು. ‘ಎ’, ‘ದ’ಗಳ ವ್ಯವಸ್ಥೆಯೇ ಇಲ್ಲದ ಭಾಷೆಯಿಂದ ಬಂದವನು ಅವುಗಳನ್ನು ಮರೆತರೆ ಆಶ್ಚರ್ಯವೇನು? ಉತ್ತಮ ಉಪಾಧ್ಯಾಯನು ಆ ವಾಕ್ಯವನ್ನು ತಿದ್ದುವಾಗ ಎರಡು ಭಾಷೆಗಳ ಸ್ವಭಾವವನ್ನೂ ಏಕಕಾಲದಲ್ಲಿ ಬಿಡಿಸಿ ಹೇಳಬಲ್ಲವನಾಗಿದ್ದನು. ಆ ಅವಕಾಶವನ್ನು ನಾನು ಬಹು ದೊಡ್ಡದೆಂದು ಎಣಿಸುತ್ತೇನೆ.

ತಿದ್ದಿ ಬರೆಸುವ ಈ ಪದ್ಧತಿಯ ಬದಲಾವಣೆಗೆ ಬೀಜ ಬಿದ್ದದ್ದು ಅಮೆರಿಕದಲ್ಲಿ. ಸುಮಾರು 1915ರಲ್ಲಿ ಕ್ಯಾನ್ಸಸ್‌ನ ಫ್ರೆಡರಿಕ್ ಕೆಲ್ಲಿ, ಒಂದೇ ಉತ್ತರವುಳ್ಳ, ಗುರುತು ಹಾಕಿ ಮುಗಿಸಬಹುದಾದ ಪ್ರಶ್ನೆಗಳನ್ನು ಬಳಕೆಗೆ ತಂದನು; 1938ರಲ್ಲಿ ಐಬಿಎಂ ಸಂಸ್ಥೆಯ ಯಂತ್ರವು ಪೆನ್ಸಿಲಿನ ಗೀಟಿನ ಮೂಲಕ ಹರಿಯುವ ವಿದ್ಯುತ್ತಿನಿಂದ ಉತ್ತರಗಳನ್ನು ಎಣಿಸತೊಡಗಿತು. ತಿದ್ದಿ ಬರೆದ ವಾಕ್ಯವನ್ನು ಓದಲು ಮನುಷ್ಯನೇ ಬೇಕು. ತಪ್ಪಿನ ಸ್ಥಾನವನ್ನು ಸೂಚಿಸುವ ಗುರುತಿಗೆ ಯಂತ್ರವೇ ಸಾಕು. ಇಂಗ್ಲಿಷ್ ಮಾತೃಭಾಷೆಯಲ್ಲದವರಿಗಾಗಿ 1964ರಲ್ಲಿ ಆರಂಭವಾದ ಟೋಫೆಲ್ ಪರೀಕ್ಷೆಯಲ್ಲಿ ಬಹುಕಾಲ ಬಳಕೆಯಲ್ಲಿದ್ದ, ಗೆರೆಯೆಳೆದ ನಾಲ್ಕು ಪದಗಳ ಪ್ರಶ್ನೆಯೂ, ಲಕ್ಷಗಟ್ಟಲೆ ಅಭ್ಯರ್ಥಿಗಳನ್ನು ಎದುರಿಸಬೇಕಾದ ನಮ್ಮ ನೇಮಕಾತಿ ಪರೀಕ್ಷೆಗಳ ಪ್ರಶ್ನೆಯೂ ಈ ಸೌಲಭ್ಯದ ಫಲಗಳೇ. ಹೀಗೆ ಫಿಶರಳ ಅಭ್ಯಾಸದಲ್ಲಿ ತಪ್ಪನ್ನು ಗುರುತಿಸುವ ಪೂರ್ವಾರ್ಧ ಉಳಿದು, ಅದನ್ನು ತಿದ್ದುವ ಉತ್ತರಾರ್ಧ ಲುಪ್ತವಾಯಿತು. ನಿಷ್ಪಕ್ಷಪಾತವಾದ, ತ್ವರಿತವಾದ ಮೌಲ್ಯಮಾಪನದ ಬೆಲೆಯನ್ನು ನಾನು ಅಲ್ಲಗಳೆಯಲಾರೆ. ಬಡವನ ಮಗನಿಗೆ ಪರೀಕ್ಷಕನ ಮರ್ಜಿಗಿಂತ ಯಂತ್ರದ ಎಣಿಕೆ ಎಷ್ಟೋ ಸಲ ಹೆಚ್ಚಿನ ನ್ಯಾಯವನ್ನು ಕೊಟ್ಟಿದೆ. ಆದರೂ ಕಲಿಸುತ್ತಿದ್ದುದು ಕಳೆದುಹೋದ ಆ ಉತ್ತರಾರ್ಧವೇ.

ಆದರೆ ಆ ಉತ್ತರಾರ್ಧ ಸಂಪೂರ್ಣವಾಗಿ ನಶಿಸಿಲ್ಲ. ಮ್ಯಾನೇಜ್‌ಮೆಂಟ್ ಶಿಕ್ಷಣದ ಪ್ರವೇಶಕ್ಕಾಗಿ ನಡೆಯುವ ಅಮೆರಿಕದ ಜಿಮ್ಯಾಟ್ ಪರೀಕ್ಷೆ 2023ರಲ್ಲಿ ಹೊಸ ರೂಪವನ್ನು ತಾಳಿದಾಗ ವಾಕ್ಯಶುದ್ಧಿಯ ಪ್ರಶ್ನೆಗಳನ್ನೇ ಕೈಬಿಟ್ಟಿತು, ನಿಜ. ನಮ್ಮ ಕೇಂದ್ರ ಲೋಕಸೇವಾ ಆಯೋಗವಾದರೋ ನಾಗರಿಕ ಸೇವೆಗಳ ಮುಖ್ಯ ಪರೀಕ್ಷೆಯ ಕಡ್ಡಾಯ ಇಂಗ್ಲಿಷ್ ಪತ್ರಿಕೆಯಲ್ಲಿ, ತಪ್ಪು ವಾಕ್ಯಗಳನ್ನು ಕೊಟ್ಟು, ಅನಾವಶ್ಯಕವಾಗಿ ಏನನ್ನೂ ಬದಲಿಸದೆ ತಿದ್ದಿ ಬರೆಯಿರೆಂದು ಕೇಳುವ ಪದ್ಧತಿಯನ್ನು ಇರಿಸಿಕೊಂಡು ಬಂದಿದೆ. ಅಲ್ಲಿ ಅಭ್ಯರ್ಥಿಯು ಇಂದಿಗೂ ಲೇಖನಿ ಹಿಡಿದು ಪೂರ್ಣವಾಕ್ಯವನ್ನು ಬರೆಯುತ್ತಾನೆ, ಅದನ್ನು ಮನುಷ್ಯನೊಬ್ಬನು ಓದುತ್ತಾನೆ.