ಮರದ ಪೀಠೋಪಕರಣಗಳಿಗೆ ಒರೆಸಿ ಹಚ್ಚುವ ಎಣ್ಣೆ–ವಾರ್ನಿಷ್ ಮಿಶ್ರಣ: ತಯಾರಿಕೆ, ಬಳಕೆ ಮತ್ತು ಮುನ್ನೆಚ್ಚರಿಕೆ

ಮರದ ಕುರ್ಚಿ, ಮೇಜು, ಕಪಾಟು ಮುಂತಾದವುಗಳಿಗೆ ಹತ್ತಿಯ ಬಟ್ಟೆಯಿಂದ ಹಚ್ಚಬಹುದಾದ ಲೇಪನವನ್ನು ಮನೆಯಲ್ಲಿಯೇ ಸಿದ್ಧಪಡಿಸಿಕೊಳ್ಳಬಹುದಾಗಿದೆ. ಇದಕ್ಕೆ ಬ್ರಷ್ಷಾಗಲಿ ಸ್ಪ್ರೇ ಯಂತ್ರವಾಗಲಿ ಬೇಕಾಗುವುದಿಲ್ಲ. ಮುಂದೆ ಗೀರು ಬಿದ್ದಲ್ಲಿ ಆ ಭಾಗಕ್ಕೆ ಮಾತ್ರ ಪುನಃ ಹಚ್ಚಿದರೆ ಸಾಕಾಗುತ್ತದೆ.

ಬೇಕಾಗುವ ಸಾಮಗ್ರಿ

ಅಗಸೆ ಎಣ್ಣೆ, ಎಣ್ಣೆ ಮೂಲದ ವಾರ್ನಿಷ್ ಮತ್ತು ಟರ್ಪೆಂಟೈನ್ ಈ ಮೂರು ಸಾಕು. ಅಗಸೆ ಎಣ್ಣೆಯು ಆವಿಯಾಗಿ ಒಣಗುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಹಸಿ ಎಣ್ಣೆಗೆ ಇದಕ್ಕಾಗಿ ಹಲವು ದಿನಗಳು, ಕೆಲವೊಮ್ಮೆ ವಾರಗಳೇ ಹಿಡಿಯುವುದರಿಂದ, ಬಣ್ಣದ ಅಂಗಡಿಗಳಲ್ಲಿ 'ಡಬಲ್ ಬಾಯ್ಲ್ಡ್' ಎಂಬ ಹೆಸರಿನಲ್ಲಿ ದೊರೆಯುವ ಎಣ್ಣೆಯನ್ನೇ ಕೊಳ್ಳತಕ್ಕದ್ದು. ಹೆಸರು ಹಾಗಿದ್ದರೂ, ಅದು ಬೇಗ ಒಣಗಲು ಕುದಿಸಿದ್ದಕ್ಕಿಂತ ಹೆಚ್ಚಾಗಿ ಅದರಲ್ಲಿ ಬೆರೆಸಿರುವ ಕೋಬಾಲ್ಟ್, ಮ್ಯಾಂಗನೀಸ್ ಮುಂತಾದ ಲೋಹಗಳ ಲವಣಗಳೇ ಕಾರಣ. ಆದ್ದರಿಂದ ಮನೆಯ ಒಲೆಯ ಮೇಲೆ ಎಣ್ಣೆ ಕುದಿಸುವುದು ವ್ಯರ್ಥವಷ್ಟೇ ಅಲ್ಲ, ಅಪಾಯಕರವೂ ಹೌದು. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಹಾಗೂ ಹೊಂಗೆ ಎಣ್ಣೆಗಳು ಒಣಗುವ ಜಾತಿಯವಲ್ಲ. ಹಚ್ಚಿದಲ್ಲಿ ಧೂಳು ಅಂಟುತ್ತಲೇ ಇರುತ್ತದೆ. ನೀರು ಮೂಲದ ವಾರ್ನಿಷ್, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಶ್ ಮತ್ತು ಎರಡು ಡಬ್ಬಿಗಳಲ್ಲಿ ಬರುವ ಲೇಪನಗಳು ಈ ಮಿಶ್ರಣಕ್ಕೆ ಹೊಂದುವುದಿಲ್ಲ.

ಮಿಶ್ರಣದ ಪ್ರಮಾಣ

ಮೂರನ್ನೂ ಸಮಭಾಗದಲ್ಲಿ, ಉದಾಹರಣೆಗೆ ತಲಾ 100 ಮಿ.ಲೀ. ಅಳೆದು ಬೆರೆಸುವುದು ರೂಢಿಯಲ್ಲಿರುವ ಕ್ರಮ. ಊಟದ ಮೇಜಿನಂತೆ ನೀರು ಬೀಳುವ ವಸ್ತುಗಳಿಗೆ ಇದು ಸಾಲದು. ಅಂತಹವುಗಳಿಗೆ ಎಣ್ಣೆಯನ್ನು ಕೈಬಿಟ್ಟು, ವಾರ್ನಿಷ್ ಹಾಗೂ ಟರ್ಪೆಂಟೈನ್‌ಗಳನ್ನಷ್ಟೇ ಸಮನಾಗಿ ಬೆರೆಸಿ ಹಚ್ಚುವುದು ಸೂಕ್ತ. ಇವೆರಡರ ವ್ಯತ್ಯಾಸವನ್ನು ಗಾಜಿನ ಚೂರಿನ ಮೇಲೆ ಹನಿ ಹಾಕಿ ತಿಳಿಯಬಹುದು: ಎಣ್ಣೆ ಸೇರಿದ ಹನಿ ಸುಕ್ಕುಗಟ್ಟಿ ಮೆತ್ತಗೆ ಉಳಿಯುತ್ತದೆ, ಬರಿಯ ವಾರ್ನಿಷ್‌ನ ಹನಿ ಗಟ್ಟಿಯಾಗುತ್ತದೆ.

ಹಚ್ಚುವ ವಿಧಾನ

ಮರವನ್ನು 120, 180 ಮತ್ತು 220ನೇ ನಂಬರಿನ ಉಪ್ಪುಕಾಗದದಿಂದ ಎಳೆಯ ಗುಂಟ ಉಜ್ಜಿ, ಧೂಳು ತೆಗೆದು, ಮಿಶ್ರಣವನ್ನು ಧಾರಾಳವಾಗಿ ಹಚ್ಚಬೇಕು. ಹತ್ತು-ಹದಿನೈದು ನಿಮಿಷಗಳ ನಂತರ ಮೇಲೆ ಉಳಿದುದೆಲ್ಲವನ್ನೂ ಒಣಬಟ್ಟೆಯಿಂದ ಒರೆಸಿ ತೆಗೆಯಬೇಕು. ದಪ್ಪಗೆ ಬಿಟ್ಟರೆ ಹೊಳಪು ಹೆಚ್ಚುವುದೆಂಬ ಎಣಿಕೆ ತಪ್ಪು. ಅಂಟು ಉಳಿಯುವುದೇ ಅದರ ಫಲ. ದಿನಕ್ಕೊಂದರಂತೆ ಮೂರು ಸಲ ಹಚ್ಚಿದರೆ ಸಾಮಾನ್ಯವಾಗಿ ಸಾಕು. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಒಣಗಲು ಇನ್ನೂ ಹೆಚ್ಚು ಅವಧಿ ನೀಡತಕ್ಕದ್ದು.

ತೇಗದಲ್ಲಿ ಸಹಜವಾದ ಜಿಡ್ಡು ಇರುವುದರಿಂದ ಮೊದಲು ಥಿನ್ನರ್‌ನಿಂದ ಒರೆಸಿಕೊಳ್ಳಬೇಕು. ಬೀಟೆ ಮರದೊಳಗಿನ ಕೆಲವು ಅಂಶಗಳು ಎಣ್ಣೆ ಒಣಗುವುದನ್ನೇ ತಡೆಯುತ್ತವೆ. ಅದಕ್ಕೆ ಅರಗಿನ ಪಾಲಿಶ್ ಉತ್ತಮ. ಹಲಸಿನ ಮರದ ಹಳದಿ ಬಣ್ಣವನ್ನು ಹಾಗೆಯೇ ಉಳಿಸಿಕೊಳ್ಳಬಯಸುವವರಿಗೆ ಈ ಮಿಶ್ರಣ ತಕ್ಕುದಲ್ಲ, ಮರ ಗಾಢವಾಗುತ್ತದೆ.

ಬಳಸಿದ ಬಟ್ಟೆಯಿಂದ ಬೆಂಕಿ ಅಪಾಯ

ಸಾರ್ವಜನಿಕರು ವಿಶೇಷವಾಗಿ ಗಮನಿಸಬೇಕಾದ ಅಂಶವಿದು. ಅಗಸೆ ಎಣ್ಣೆ ಗಟ್ಟಿಯಾಗುವಾಗ ಶಾಖ ಹೊರಬೀಳುತ್ತದೆ. ಹರಡಿದ ಬಟ್ಟೆಯಲ್ಲಿ ಆ ಶಾಖ ಗಾಳಿಗೆ ಹೋಗಿಬಿಡುತ್ತದೆ. ಮುದ್ದೆ ಮಾಡಿ ಮೂಲೆಯಲ್ಲಿ ಅಥವಾ ಕಸದ ಬುಟ್ಟಿಯಲ್ಲಿ ಹಾಕಿದ ಬಟ್ಟೆಯಲ್ಲಿಯಾದರೋ ಅದು ಒಳಗೇ ಸೇರಿಕೊಂಡು, ಕೆಲವೇ ಗಂಟೆಗಳಲ್ಲಿ ಕಡ್ಡಿ ಗೀರದೆಯೇ ಬೆಂಕಿ ಹೊತ್ತಿಕೊಳ್ಳುವ ಸಂಭವವಿದೆ. 1991ರ ಫೆಬ್ರವರಿ 23ರಂದು ಅಮೆರಿಕದ ಫಿಲಡೆಲ್ಫಿಯಾ ನಗರದ 38 ಅಂತಸ್ತಿನ ಒನ್ ಮೆರಿಡಿಯನ್ ಪ್ಲಾಜಾ ಕಟ್ಟಡದಲ್ಲಿ, ಮರಗೆಲಸಕ್ಕೆ ಬಳಸಿ ಬಿಟ್ಟುಹೋಗಿದ್ದ ಇಂತಹ ಬಟ್ಟೆಗಳಿಂದಲೇ 22ನೇ ಅಂತಸ್ತಿನಲ್ಲಿ ಬೆಂಕಿ ಎದ್ದು, ಅಗ್ನಿಶಾಮಕ ದಳದ ಮೂವರು ಪ್ರಾಣ ಕಳೆದುಕೊಂಡರು.

ಕೆಲಸ ಮುಗಿದ ಕೂಡಲೇ ಪ್ರತಿಯೊಂದು ಬಟ್ಟೆಯನ್ನೂ ಬಿಡಿಸಿ, ಒಂದರ ಮೇಲೊಂದು ಬೀಳದಂತೆ, ಮನೆಯ ಹೊರಗೆ ನೆರಳಿನಲ್ಲಿ ಹರಡಬೇಕು. ಪೂರ್ತಿ ಬಿರುಸಾದ ಮೇಲಷ್ಟೇ ಕಸಕ್ಕೆ ಹಾಕಬಹುದು. ಹೊರಗೆ ಸ್ಥಳವಿಲ್ಲದವರು ನೀರು ತುಂಬಿದ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡತಕ್ಕದ್ದು. ಟರ್ಪೆಂಟೈನ್‌ನ ಆವಿಯೂ ಹೊತ್ತಿಕೊಳ್ಳುವಂಥದಾದ್ದರಿಂದ ಗ್ಯಾಸ್ ಒಲೆ, ದೇವರ ದೀಪ ಇರುವ ಕೋಣೆಯಲ್ಲಿ ಈ ಕೆಲಸ ಮಾಡಬಾರದು, ಕಿಟಕಿ ತೆರೆದಿರಬೇಕು.

ಉಳಿದ ಮಿಶ್ರಣವನ್ನು ಅಂಚಿನವರೆಗೆ ತುಂಬುವಂತಹ ಚಿಕ್ಕ ಸೀಸೆಗೆ ಬಗ್ಗಿಸಿ, ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಖಾಲಿ ಜಾಗ ಉಳಿದ ಡಬ್ಬಿಯಲ್ಲಿ ಬೇಗನೆ ಕೆನೆಗಟ್ಟುತ್ತದೆ. ನೀರಿನ ಅಥವಾ ತಂಪು ಪಾನೀಯದ ಬಾಟಲಿಗಳನ್ನು ಇದಕ್ಕೆ ಬಳಸಕೂಡದು.