ಆನೆಯ ಹಾದಿ, ಮಳೆಯ ಹಾದಿ

ಜಯನಗರದ ಮನೆಯಲ್ಲಿ ಕುಳಿತು ಆನೆಯ ಮಾತೆತ್ತಿದರೆ ನಿಮ್ಮ ಮಕ್ಕಳು ದಸರೆಯ ಜಂಬೂಸವಾರಿಯನ್ನು ನೆನೆದಾರು. ಆದರೆ ಅಲ್ಲಿಂದ ದಕ್ಷಿಣಕ್ಕೆ 15 ಮೈಲಿಯೊಳಗೇ ಬನ್ನೇರುಘಟ್ಟದ ಕಾಡು. ಅದರ ಅಂಚಿನ ಹಳ್ಳಿಗಳಲ್ಲಿ ಆನೆಗೂ ಪಂಚಾಂಗಕ್ಕೂ ನಂಟುಂಟು. ಮಳೆಗಾಲದಲ್ಲಿ ಬಿತ್ತಿದ ರಾಗಿ ಕಾರ್ತಿಕದ ಹೊತ್ತಿಗೆ ತೆನೆ ಬಲಿಯುತ್ತದೆ. ಕತ್ತಲಾದೊಡನೆ ಆನೆಗಳು ಹೊಲದಂಚಿಗೆ ಬರುತ್ತವೆ. ಆ ದಿನಗಳಲ್ಲಿ ನನ್ನ ತರಗತಿಯ ಹಿಂದಿನ ಬೆಂಚಿನ ಹುಡುಗರು ತೂಕಡಿಸುತ್ತಿದ್ದರು. ಗದರಿಸಿದೆ. ಬಳಿಕ ತಿಳಿಯಿತು, ರಾತ್ರಿಯೆಲ್ಲ ತಂದೆಯೊಡನೆ ಅಟ್ಟಣೆಯ ಮೇಲೆ ಕಾವಲು! ಸಂಧಿಸಮಾಸಗಳು ಅವರ ತಲೆಗೆ ಹೇಗೆ ಹತ್ತಬೇಕು?

ಹಿಂಡನ್ನು ನಡೆಸುವುದು ಹಿರಿಯ ಹೆಣ್ಣಾನೆ. ಯಾವ ಋತುವಿನಲ್ಲಿ ಎಲ್ಲಿ ನೀರು, ಎಲ್ಲಿ ಮೇವು ಎಂಬುದು ಅದರ ನೆನಪಿನಲ್ಲಿರುತ್ತದೆ. ಋತುಗಳು ತಪ್ಪದೆ ಬಂದಷ್ಟೂ ಹಾದಿ ಗಟ್ಟಿಯಾಗುತ್ತದೆ. ನಾವೂ ವರ್ಷವರ್ಷ ಅದೇ ಹೊಲದಲ್ಲಿ, ಅದೇ ತಿಂಗಳಿಗೆ ರಾಗಿ ಬೆಳೆದು ಆ ಹಾದಿಯನ್ನು ಇನ್ನಷ್ಟು ಗಟ್ಟಿಮಾಡಿದೆವು.

ಈ ಕ್ರಮವೇ ಆನೆಗೆ ಮುಳುವೂ ಆಯಿತು. ಆನೆ ಹಿಡಿಯಲು ಬೇಸಗೆಯೇ ತಕ್ಕ ಕಾಲವೆಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. ಕಾರಣವನ್ನು ಊಹಿಸುವುದು ಕಷ್ಟವಲ್ಲ: ಹಳ್ಳಕೊಳ್ಳ ಬತ್ತಿದಾಗ ಉಳಿದ ನೀರಿಗೇ ಹಿಂಡು ಬರಬೇಕು. 1870ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಖೆಡ್ಡಾ ಆರಂಭಿಸಿದ ಸ್ಯಾಂಡರ್ಸನ್ ಸಾಹೇಬನೂ ಮೊದಲು ಅಭ್ಯಾಸಮಾಡಿದ್ದು ಆನೆಗಳು ಬಂದುಹೋಗುವ ಕಾಲವನ್ನು, ದಾರಿಯನ್ನು. ಅದು ತಿಳಿಯದೆ ದಿಮ್ಮಿಯ ಆವರಣವನ್ನು ಎಲ್ಲಿ ಕಟ್ಟುವುದು? ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ.

ಇನ್ನು, ಮಳೆಯೇ ಕೈಕೊಟ್ಟರೆ? ಆಗ ರೂಢಿಯನ್ನು ಮುರಿಯಬೇಕು. ಮುರಿಯುವುದಕ್ಕೂ ನೆನಪೇ ಬೇಕು. ಆಫ್ರಿಕದ ಟಾಂಜಾನಿಯಾ ದೇಶದ ತರಂಗಿರೆಯಲ್ಲಿ 1993ರ ಬರಗಾಲದಲ್ಲಿ, ರಕ್ಷಿತ ಕಾಡನ್ನು ಬಿಟ್ಟು ಹೊರಟ ಹಿಂಡುಗಳ ಮರಿಗಳೇ ಹೆಚ್ಚಾಗಿ ಬದುಕಿದವು. ಅವುಗಳ ಮುದಿ ನಾಯಕಿಯರು ಮೂರು ದಶಕ ಹಿಂದಿನ ಬರವನ್ನು ಕಂಡಿದ್ದಿರಬೇಕೆಂದು ವಿಜ್ಞಾನಿಗಳ ಊಹೆ.

ನಮ್ಮ ಮಗ್ಗುಲಲ್ಲೂ ಇಂಥದು ನಡೆದಿದೆ. ಬನ್ನೇರುಘಟ್ಟಕ್ಕೆ ಹೊಂದಿಕೊಂಡ ಹೊಸೂರು ಕಡೆಯ ಕಾಡುಗಳಿಂದ 1980ರ ದಶಕದಲ್ಲಿ, ಬರಗಾಲದ ದಿನಗಳಲ್ಲಿ, ಕೆಲವು ಹಿಂಡುಗಳು ಆಂಧ್ರದ ಕುಪ್ಪಂ ಸೀಮೆಗೆ ಹೊರಟವು. ಸುಮಾರು ಎರಡು ಶತಮಾನ ಕಾಡಾನೆಯನ್ನೇ ಕಾಣದಿದ್ದ ನೆಲ ಅದು. ಅಲ್ಲಿನ ರೈತನಿಗೆ ಆನೆ ಬರುವ ತಿಂಗಳು ತಿಳಿಯದು, ಆನೆಗೆ ಆ ಊರುಗಳ ಗುರುತಿಲ್ಲ. ಎರಡು ಕಡೆಯೂ ಜೀವಗಳು ಹೋದವು. 1990ರಲ್ಲಿ ಅಲ್ಲಿ ಕೌಂಡಿನ್ಯ ವನ್ಯಧಾಮವನ್ನು ಘೋಷಿಸಬೇಕಾಯಿತು. ಅಲ್ಲಿ ಈಗಲೂ ಆನೆಗಳಿವೆ.