ಬಿರುದು ಮತ್ತು ಅಂಕಿತ: ಎರಡು ಸಾಲಿನ ಪರಿಚಯದ ಇತಿಹಾಸ



ತನ್ನನ್ನು ಕುರಿತು ಒಂದೆರಡು ಸಾಲುಗಳಲ್ಲಿ ಹೇಳಿಕೊಳ್ಳುವುದು ಇಂದು ನಿತ್ಯದ ಅಗತ್ಯವಾಗಿದೆ. ಜಾಲತಾಣದ ಪ್ರೊಫೈಲಿನಲ್ಲಿ ‘ಬಯೋ’ ಎಂದು ಕರೆಯುವ ಈ ಪರಿಚಯಕ್ಕೆ ಇನ್‌ಸ್ಟಾಗ್ರಾಂ 150 ಅಕ್ಷರಗಳ ಮಿತಿಯನ್ನು ಇಟ್ಟಿದೆ. 2023ರಲ್ಲಿ ಎಕ್ಸ್ ಎಂದು ಹೆಸರು ಬದಲಿಸಿಕೊಂಡ ಟ್ವಿಟರ್‌ನಲ್ಲಿ ಈ ಮಿತಿ 160. ಮುಳಬಾಗಿಲು ತಾಲ್ಲೂಕಿನ ತಾಯಲೂರಿನಲ್ಲಿ ಕುಳಿತು ಬರೆಯುವವರಿಗೂ ದೂರದ ನಗರದವರಿಗೂ ದೊರೆಯುವ ಜಾಗ ಅಷ್ಟೇ. ಅದರಲ್ಲಿ ಏನನ್ನು ಬರೆಯಬೇಕು, ಏನನ್ನು ಬಿಡಬೇಕು ಎಂಬ ಪ್ರಶ್ನೆ ಹೊಸದೆಂದು ತೋರುತ್ತದೆ. ಆದರೆ ಕಲ್ಲಿನ ಮೇಲೆ ಅಕ್ಷರ ಕೊರೆದವರಿಗೂ ತಾಳೆಗರಿಯ ಮೇಲೆ ವಚನ ಬರೆದವರಿಗೂ ಇದೇ ಪ್ರಶ್ನೆ ಎದುರಾಗಿತ್ತು. ಕನ್ನಡ ನಾಡು ಇದಕ್ಕೆ ಎರಡು ಬಗೆಯ ಉತ್ತರಗಳನ್ನು ಕೊಟ್ಟಿದೆ. ಒಂದು ಬಿರುದು, ಇನ್ನೊಂದು ಅಂಕಿತ.

ಬಿರುದಿನ ಮಾರ್ಗಕ್ಕೆ ಕೋಲಾರವೇ ಉತ್ತಮ ನಿದರ್ಶನ. ಗಂಗ ಅರಸರು ಮೊದಲು ಕೋಲಾರದಿಂದ ಆಳಿ, ಅನಂತರ ತಲಕಾಡನ್ನು ರಾಜಧಾನಿಯಾಗಿ ಮಾಡಿಕೊಂಡರು. ಆದರೂ ಅವರ ಶಾಸನಗಳು ಅವರನ್ನು ಕುವಳಾಲಪುರದ ಒಡೆಯರೆಂದೇ, ನಂದಗಿರಿಯ ನಾಥರೆಂದೇ ಹೊಗಳುತ್ತ ಬಂದವು. ಕುವಳಾಲವೆಂದರೆ ಇಂದಿನ ಕೋಲಾರ, ನಂದಗಿರಿಯೆಂದರೆ ನಂದಿಬೆಟ್ಟ. ರಾಜಧಾನಿ ಬದಲಾಯಿತು, ಬಿರುದು ಬದಲಾಗಲಿಲ್ಲ. ಬಿರುದಿನ ಬಲವೂ ದೌರ್ಬಲ್ಯವೂ ಇದೇ ಆಗಿದೆ. ಅದು ಬೇರನ್ನು ನೆನಪಿಸುತ್ತದೆ, ಆದರೆ ಕಾಲ ಸರಿದಂತೆ ಬದುಕಿನಿಂದ ಬೇರ್ಪಟ್ಟು ಬರಿಯ ಮಾತಾಗಿ ಉಳಿಯುತ್ತದೆ.

ತಾಯಲೂರು ಇರುವ ಮುಳಬಾಗಿಲು ತಾಲ್ಲೂಕಿನಲ್ಲಿಯೇ ಆವಣಿ ಎಂಬ ಪ್ರಾಚೀನ ಶೈವ ಕ್ಷೇತ್ರವಿದೆ. ಹತ್ತನೆಯ ಶತಮಾನದಲ್ಲಿ ಅಲ್ಲಿ ತ್ರಿಭುವನಕರ್ತರದೇವರೆಂಬ ಶೈವ ಆಚಾರ್ಯರಿದ್ದರು. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟದಿಂದ ಅವರ ವಿಚಾರ ತಿಳಿದುಬರುತ್ತದೆ. ಅವರು ನಲವತ್ತು ವರ್ಷ ಆ ಸ್ಥಾನವನ್ನು ನಡೆಸಿದರು, ಐವತ್ತು ದೇಗುಲಗಳನ್ನು ಕಟ್ಟಿಸಿದರು, ಎರಡು ದೊಡ್ಡ ಕೆರೆಗಳನ್ನು ಮಾಡಿಸಿದರು. ಮಳೆಯನ್ನೇ ನೆಚ್ಚಿದ ಈ ಸೀಮೆಯಲ್ಲಿ ಕೆರೆ ಕಟ್ಟಿಸುವುದೆಂದರೇನು ಎಂಬುದನ್ನು ಇಲ್ಲಿನವರಿಗೆ ವಿವರಿಸಬೇಕಾಗಿಲ್ಲ. ನಲವತ್ತು, ಐವತ್ತು, ಎರಡು ಎಂಬ ಮೂರು ಎಣಿಕೆಗಳೇ ಒಂದು ಬಾಳಿನ ಪೂರ್ಣ ಪರಿಚಯವಾಗಿವೆ. ಸಾವಿರ ವರ್ಷಗಳ ಅನಂತರವೂ ಅವು ಮನಸ್ಸಿನಲ್ಲಿ ನಿಲ್ಲುವುದಕ್ಕೆ ಕಾರಣ, ಅವು ಮಾಡಿದ ಕೆಲಸವನ್ನು ಹೇಳುತ್ತವೆ.

ಗುಣವನ್ನು ಹೇಳಿ ನಿಂತ ಪರಿಚಯವೂ ಉಂಟು. ಬಾದಾಮಿಯ ಬಂಡೆಯ ಮೇಲಿನ, ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವು ನಮಗೆ ದೊರೆತಿರುವ ಅತ್ಯಂತ ಹಳೆಯ ತ್ರಿಪದಿಗಳನ್ನು ಒಳಗೊಂಡಿದೆ. ಒಳ್ಳೆಯವರೊಡನೆ ಅವನು ಹೇಗೆ, ಕೆಡುಕರೊಡನೆ ಹೇಗೆ ಎಂಬುದನ್ನು ಮೂರೇ ಸಾಲುಗಳಲ್ಲಿ ಅದು ಹೇಳಿ ಮುಗಿಸುತ್ತದೆ. ಅವನ ಸ್ವಭಾವದ ಚಿತ್ರ ಮಾತ್ರ ಹದಿಮೂರು ಶತಮಾನಗಳಿಂದ ಅಳಿಯದೆ ಉಳಿದಿದೆ.

ಹನ್ನೆರಡನೆಯ ಶತಮಾನದ ಶರಣರು ಈ ಪರಂಪರೆಯನ್ನೇ ತಿರುಗಿಸಿದರು. ವಚನದ ಕೊನೆಗೆ ಬರುವ ಅಂಕಿತ ಒಂದು ಬಗೆಯ ಪರಿಚಯವೇ ಸರಿ. ಆದರೆ ಬಸವಣ್ಣನವರು ಕೂಡಲಸಂಗಮದೇವನೆಂದರು, ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನೆಂದರು, ಅಲ್ಲಮಪ್ರಭುಗಳು ಗುಹೇಶ್ವರನೆಂದರು. ‘ನಾನು ಯಾರು’ ಎಂದು ಹೇಳಬೇಕಾದ ಜಾಗದಲ್ಲಿ ‘ನಾನು ಯಾರಿಗೆ ಉತ್ತರ ಕೊಡಬೇಕಾದವನು’ ಎಂಬುದನ್ನು ಇಟ್ಟರು.

ಕಾಯಕದ ಶರಣರ ಅಂಕಿತಗಳು ಇನ್ನೂ ಬೆರಗು ಹುಟ್ಟಿಸುತ್ತವೆ. ಮಾದಾರ ಚೆನ್ನಯ್ಯನವರ ಅಂಕಿತದಲ್ಲಿ ಉಳಿ, ಕತ್ತಿ, ಅಡಿಗೂಂಟಗಳೆಂಬ ಅವರ ಕಸುಬಿನ ಸಲಕರಣೆಗಳೇ ಸೇರಿಕೊಂಡಿವೆ. ಅಂಬಿಗರ ಚೌಡಯ್ಯನವರು ದೇವರ ಹೆಸರಿನ ಬದಲು ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡರು. ಆಡಿದ ಕಟುಮಾತಿಗೆ ತಾನೇ ಹೊಣೆ ಎಂಬ ಎದೆಗಾರಿಕೆ ಅದರಲ್ಲಿದೆ. ಸೂಳೆ ಸಂಕವ್ವೆಯ ಒಂದೇ ಒಂದು ವಚನ ದೊರೆತಿದೆ. ಲೋಕವು ಯಾವುದನ್ನು ಹಿಡಿದು ಆಕೆಯನ್ನು ಹಳಿಯುತ್ತಿತ್ತೋ ಅದನ್ನೇ ಎತ್ತಿಕೊಂಡಂತೆ ಆಕೆ ನಿರ್ಲಜ್ಜೇಶ್ವರ ಎಂಬ ಅಂಕಿತವನ್ನು ಇಟ್ಟುಕೊಂಡಳು. ಮೋಳಿಗೆ ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದರೆಂದು ಪರಂಪರೆ ಹೇಳುತ್ತದೆ. ಅರಸುತನದ ಬಿರುದೊಂದೂ ಅವರೊಡನೆ ಬರಲಿಲ್ಲ. ತಲೆಯ ಮೇಲೆ ಹೊತ್ತ ಕಟ್ಟಿಗೆಯ ಹೊರೆ, ಅಂದರೆ ಮೋಳಿಗೆಯೇ, ಅವರ ಗುರುತಾಯಿತು.

ಈ ಎರಡು ಪದಗಳಿಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ನಮ್ಮ ಕಾಲದ ಸಾಕ್ಷಿಯೂ ಇದೆ. ಮಾತೆ ಮಹಾದೇವಿಯವರು ಬಸವಣ್ಣನವರ ವಚನಗಳ ತಮ್ಮ ಆವೃತ್ತಿಯಲ್ಲಿ ಕೂಡಲಸಂಗಮದೇವ ಎಂಬಲ್ಲಿ ಲಿಂಗದೇವ ಎಂದು ಬದಲಿಸಿದರು. 1998ರಲ್ಲಿ ರಾಜ್ಯ ಸರ್ಕಾರ ಆ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕ್ರಮವನ್ನು ಎತ್ತಿಹಿಡಿಯಿತು. ಒಂದು ಅಂಕಿತದ ಪ್ರಶ್ನೆ ಸುಮಾರು ಎರಡು ದಶಕಗಳ ಕಾಲ ವಿವಾದವಾಗಿ ನಡೆಯಿತು.

ಅಂಕಿತದ ಈ ದಾರಿ ಮುಳಬಾಗಿಲಿನಲ್ಲಿ ಮತ್ತೊಮ್ಮೆ ಚಿಗುರಿತು. 1887ರಲ್ಲಿ ಅಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರು ಪತ್ರಕರ್ತರು, ವಿದ್ವಾಂಸರು. 1974ರಲ್ಲಿ ಪದ್ಮಭೂಷಣ ಪುರಸ್ಕೃತರಾದವರು. ಆದರೆ 1943ರಲ್ಲಿ ಪ್ರಕಟವಾದ ಕಗ್ಗದಲ್ಲಿ ಅವರು ಆರಿಸಿಕೊಂಡ ಹೆಸರು ಮಂಕುತಿಮ್ಮ. ಪಂಡಿತರೊಬ್ಬರು ತಮ್ಮನ್ನು ಮಂಕನೆಂದು ಕರೆದುಕೊಂಡರು. ಪ್ರಶಸ್ತಿಯನ್ನು ಅರಿಯದವರೂ ಆ ಹೆಸರನ್ನು ಬಲ್ಲರು.

ಇಂದು ಪರಿಚಯ ಬರೆಯುವವರು ಈ ಇತಿಹಾಸದಿಂದ ಪಡೆಯಬಹುದಾದ ಪಾಠ ಸರಳವಾಗಿದೆ. ಮೊದಲು ಕಾಯಕವನ್ನು ಬರೆಯಿರಿ, ಪದವಿಗಳ ಪಟ್ಟಿಯನ್ನು ಬಿಡಿ. ‘ಸಮಾಜ ಸೇವಕ’ ಎಂಬುದಕ್ಕಿಂತ ‘ರೇಷ್ಮೆ ಬೆಳೆಗಾರ, ಶಾಲಾ ಮಕ್ಕಳಿಗೆ ಸಂಜೆ ಪಾಠ’ ಎಂಬುದು ಹೆಚ್ಚು ಹೇಳುತ್ತದೆ. ಊರಿನ ಹೆಸರು ಇರಲಿ. ಯಾರಿಗೂ ಒಪ್ಪುವ ವಿಶೇಷಣಗಳನ್ನು ತೆಗೆದು, ನಿಮಗೊಬ್ಬರಿಗೇ ಒಪ್ಪುವ ಒಂದು ಮಾತನ್ನು ಉಳಿಸಿರಿ. ಕನ್ನಡದಲ್ಲಿ ಬರೆಯುವವರು ಇನ್ನೊಂದನ್ನು ಗಮನಿಸಬೇಕು. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ ಯೂನಿಕೋಡ್ ಎಣಿಕೆಯಲ್ಲಿ ಆರು ಸಂಕೇತಗಳಾಗುತ್ತದೆ. ಆದ್ದರಿಂದ ಒತ್ತಕ್ಷರಗಳು ತುಂಬಿದ ದೊಡ್ಡ ಪದಗಳಿಗಿಂತ ಅಚ್ಚಗನ್ನಡದ ಸಣ್ಣ ಪದಗಳು ಇಲ್ಲಿ ಲಾಭ.

ಬರೆದಾದ ಮೇಲೆ ಒಮ್ಮೆ ಕೇಳಿಕೊಳ್ಳೋಣ: ನಮ್ಮನ್ನು ದಿನವೂ ಕಾಣುವ ನೆರೆಮನೆಯವರು ಇದನ್ನು ಓದಿದರೆ ಹೌದೆನ್ನುವರೇ? ಹೌದೆಂದರೆ ಅದು ಅಂಕಿತ. ಇಲ್ಲವೆಂದರೆ, ಅಕ್ಷರಗಳು ಎಷ್ಟೇ ಕಡಿಮೆಯಿದ್ದರೂ, ಅದು ಬರಿಯ ಬಿರುದು.